ಕೊಸರಿಲ್ಲದ ಚಮಚ

ಬಿಸ್ಕತ್ತಿನ ಪೊಟ್ಟಣವೊಂದು ಮನೆಗೆ ಬಂದರೆ ಅದನ್ನು ಒಡೆಯುವ ಹಕ್ಕು ನನ್ನ ಮಗಳದ್ದು. ಒಡೆಯುವ ಮೊದಲು ಓದುವ ಹಕ್ಕು ನನ್ನದು. ಈ ಒಪ್ಪಂದ ನಮ್ಮಲ್ಲಿ ಬಹುಕಾಲದಿಂದ ಜಾರಿಯಲ್ಲಿದೆ. ನಾನು ಕನ್ನಡಕ ಏರಿಸಿಕೊಂಡು, ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದು, ನಾಲ್ಕೂ ಮೈಗಳನ್ನು ಪ್ರದಕ್ಷಿಣೆಯ ಕ್ರಮದಲ್ಲಿ ತಿರುಗಿಸುತ್ತಾ, ಹೆಸರೇನು, ತೂಕವೆಷ್ಟು, ಒಳಗೆ ಏನೇನು ಬೆರೆಸಿದ್ದಾರೆ, ಮಾಡಿದವರು ಯಾರು, ಮುದ್ರೆ ಯಾವ ತಿಂಗಳದು ಎಂಬುದನ್ನೆಲ್ಲ ಸಾವಧಾನವಾಗಿ ಪಠಿಸಿ ಮುಗಿಸುವಷ್ಟರಲ್ಲಿ ಲೋಟದ ಕಾಫಿಯ ಮೇಲೆ ಕೆನೆ ಕಟ್ಟಿರುತ್ತದೆ. ತಿನ್ನುವ ಮೊದಲು ಕೆಲವರು ದೇವರನ್ನು ನೆನೆಯುತ್ತಾರೆ, ನಮ್ಮ ಮನೆಯವರು ಕಂಪನಿಯವರನ್ನು ನೆನೆಯುತ್ತಾರೆ ಎಂದು ನನ್ನ ಹೆಂಡತಿ ಜಯಮ್ಮ ಬಂದವರ ಮುಂದೆಲ್ಲ ಹೇಳುವುದುಂಟು.

ಈ ಚಟದಿಂದ ನನಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾಗಿದೆ ಎಂಬುದನ್ನು ಮರೆಮಾಚುವುದಿಲ್ಲ. ಪಾಂಡವಪುರದಲ್ಲಿ ಹೆಂಡತಿಯ ಕಡೆಯ ನಂಟರೊಬ್ಬರು ಒಮ್ಮೆ ನನ್ನನ್ನು ವಿಶೇಷವಾಗಿ ಆದರಿಸಲೆಂದು ಕಿತ್ತಳೆ ಹಣ್ಣಿನ ಚಿತ್ರವಿದ್ದ ಶೀಶೆಯಿಂದ ಶರಬತ್ತು ಬೆರೆಸಿ ಕೊಟ್ಟರು. ಚಿತ್ರದ ಹಣ್ಣು ಎಷ್ಟು ರಸವತ್ತಾಗಿತ್ತೆಂದರೆ ಅದರ ತೊಟ್ಟಿನಲ್ಲಿ ಇಬ್ಬನಿಯ ಹನಿ ಕೂಡ ಇತ್ತು. ನಾನೋ, ಕುಡಿಯುವುದನ್ನು ಬಿಟ್ಟು ಶೀಶೆಯನ್ನು ಕೈಗೆತ್ತಿಕೊಂಡು, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ತಳದ ಅಂಚಿನಲ್ಲಿ ಅಡಗಿದ್ದ 'ಇದರಲ್ಲಿ ಹಣ್ಣಿನ ರಸವಿಲ್ಲ' ಎಂಬ ಇಂಗ್ಲಿಷ್ ವಾಕ್ಯವನ್ನು ಪತ್ತೆಹಚ್ಚಿ, ಆ ಪತ್ತೆಯ ಸಂತೋಷವನ್ನು ಒಬ್ಬನೇ ಅನುಭವಿಸಲಾರದೆ ಇಡೀ ಮನೆಗೆ ಕೇಳುವಂತೆ ಕನ್ನಡಕ್ಕೆ ತರ್ಜುಮೆ ಮಾಡಿದೆ. ಅಂದಿನಿಂದ ಆ ಮನೆಯಲ್ಲಿ ನನಗೆ ಮಜ್ಜಿಗೆಯನ್ನಷ್ಟೇ ಕೊಡುತ್ತಾರೆ. ಮಜ್ಜಿಗೆಯ ಚೆಂಬಿನ ಮೇಲೆ ಓದುವುದಕ್ಕೆ ಏನೂ ಇರುವುದಿಲ್ಲವಲ್ಲ.

ಆದರೂ ಓದುಗ ಮಿತ್ರರೇ, ನೀವೂ ಇಂಥ ಶೀಶೆಯೋ ಡಬ್ಬಿಯೋ ಕೈಗೆ ಬಂದಾಗ ಒಂದು ಮಾತನ್ನು ನೆನಪಿನಲ್ಲಿಡಿ: ದಪ್ಪಕ್ಷರಗಳೆಲ್ಲ ಮಾರುವವನ ಅನುಕೂಲಕ್ಕಾಗಿ, ಸಣ್ಣಕ್ಷರಗಳೆಲ್ಲ ತಿನ್ನುವವನ ಅನುಕೂಲಕ್ಕಾಗಿ. ಮುಂದುಗಡೆ ಇರುವುದು ಸ್ತೋತ್ರ, ಹಿಂದುಗಡೆ ಇರುವುದು ಜಾತಕ. ಮದುವೆಗೆ ಮೊದಲು ನಾವು ಯಾವುದನ್ನು ಕೇಳಿ ತರಿಸಿಕೊಳ್ಳುತ್ತೇವೆ ಎಂಬುದು ನಿಮಗೆ ಗೊತ್ತೇ ಇದೆ. ಇಷ್ಟು ಜ್ಞಾನ ನನಗೆ ಪುಸ್ತಕದಿಂದ ಬಂದದ್ದಲ್ಲ, ಅಕ್ಕಿಹೆಬ್ಬಾಳಿನ ನಮ್ಮ ಅಡಿಗೆಮನೆಯಲ್ಲಿ, ಹದಿನಾಲ್ಕು ವರ್ಷಗಳ ಕೆಳಗೆ, ನನ್ನ ಅಹಂಕಾರದ ತಲೆಯ ಮೇಲೆ ಒಂದು ಹಾಲುಪುಡಿಯ ಡಬ್ಬಿ ಬಿದ್ದಾಗ ಬಂದದ್ದು.

ಆಗ ನಾನು ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಊರಿಗೆ ತಂತಿ ಬಂದರೆ, ಔಷಧಿ ಶೀಶೆ ಬಂದರೆ, ಸರ್ಕಾರದ ಕಾಗದ ಬಂದರೆ ಅದು ಮೊದಲು ನನ್ನ ಜಗಲಿಗೆ ಬಂದು, ನನ್ನ ಬಾಯಿಂದ ಕನ್ನಡವಾಗಿ, ಆಮೇಲೆ ತನ್ನ ಒಡೆಯನ ಮನೆಗೆ ಹೋಗುತ್ತಿತ್ತು. ಭಾಗ್ಯ ಹುಟ್ಟಿದ್ದು ಆ ದಿನಗಳಲ್ಲೇ, ನಮ್ಮ ಮೊದಲ ಮಗು. ಕೂಸಿಗೆ ಎರಡು ತಿಂಗಳು ತುಂಬುವಷ್ಟರಲ್ಲಿ ಜಯಮ್ಮನಿಗೆ ವಿಷಮಶೀತಜ್ವರ ಹಿಡಿಯಿತು. ಜ್ವರ ಹತೋಟಿಗೆ ಬಂದರೂ ಮೈಯಲ್ಲಿ ಹಾಲು ಬತ್ತಿಹೋಗಿತ್ತು, ಮಗುವನ್ನು ಹತ್ತಿರ ಬಿಟ್ಟುಕೊಳ್ಳಕೂಡದೆಂದು ಕಟ್ಟಪ್ಪಣೆಯೂ ಆಗಿತ್ತು. ಹಸುವಿನ ಹಾಲು ಕುಡಿಸಿದರೆ ಕೂಸು ಕಕ್ಕಿಬಿಡುತ್ತಿತ್ತು. ಕೆ.ಆರ್. ಪೇಟೆಯಲ್ಲಿ ನಾವು ತೋರಿಸುತ್ತಿದ್ದ ಡಾಕ್ಟರಮ್ಮ ಚೀಟಿಯಲ್ಲಿ ಒಂದು ಹಾಲುಪುಡಿಯ ಹೆಸರು ಬರೆದುಕೊಟ್ಟು, ವಾರಕ್ಕೊಮ್ಮೆ ಮಗುವಿನ ತೂಕ ನೋಡಿ ತಿಳಿಸಬೇಕೆಂದೂ, ಡಬ್ಬಿಯ ಮೇಲೆ ಬರೆದಿರುವುದನ್ನು ಚಾಚೂ ತಪ್ಪದೆ ಪಾಲಿಸಬೇಕೆಂದೂ ಹೇಳಿದರು. ಎರಡನೆಯ ಮಾತನ್ನು ಇಂಗ್ಲಿಷ್ ಮೇಷ್ಟ್ರಿಗೆ ಹೇಳುವ ಅಗತ್ಯವಿತ್ತೇ ಎಂದು ನನಗೆ ಒಳಗೊಳಗೇ ಸ್ವಲ್ಪ ಅವಮಾನವಾಯಿತು.

ಡಬ್ಬಿ ಮೈಸೂರಿನಿಂದ ರೈಲಿನಲ್ಲಿ ಬಂತು. ಅದರ ಆಗಮನದ ದಿನ ನಮ್ಮ ಜಗಲಿಯ ಮೇಲೆ ಹತ್ತು ಹನ್ನೆರಡು ಜನ ಸೇರಿದ್ದರು. ನಾನು ಗೋಡೆಗೆ ಒರಗಿ ಕುಳಿತು, ಲೇಬಲ್ಲನ್ನು ಆದ್ಯಂತವಾಗಿ ವಾಚಿಸಿ, ಪ್ರತಿ ವಾಕ್ಯಕ್ಕೂ ಅನ್ವಯಾರ್ಥ ತಾತ್ಪರ್ಯಗಳನ್ನು ಹೇಳಿದೆ. ಜೀವಸತ್ವಗಳ ಹೆಸರುಗಳನ್ನು ಅಷ್ಟೋತ್ತರದ ಹಾಗೆ ರಾಗವಾಗಿ ಒಪ್ಪಿಸಿದೆ. ವಯಸ್ಸಿಗೆ ಇಷ್ಟು, ತೂಕಕ್ಕೆ ಇಷ್ಟು ಎಂಬ ಕೋಷ್ಟಕವನ್ನು ಪೌಂಡಿನಿಂದ ಕಿಲೋಗೆ, ಔನ್ಸಿನಿಂದ ನಮ್ಮ ಮನೆಯ ಲೋಟದ ಲೆಕ್ಕಕ್ಕೆ ತಿರುಗಿಸಿದೆ. ಒಂದು ಅಳತೆ ಪುಡಿಗೆ ಒಂದು ಔನ್ಸು ಕುದಿಸಿ ಆರಿಸಿದ ನೀರು. ಅಳತೆಯ ಚಮಚ ಡಬ್ಬಿಯ ಒಳಗೇ ಇತ್ತು. ಕೋಷ್ಟಕದ ಪಕ್ಕದಲ್ಲಿ ಹೆಬ್ಬೆರಳುಗಾತ್ರದ ಒಂದು ಚಿತ್ರವೂ ಅದರ ಕೆಳಗೆ ಒಂದು ಸಾಲೂ ಇದ್ದವು. ಚಿತ್ರಗಳಿರುವುದು ಓದು ಬಾರದವರಿಗೆ ಎಂದು ಭಾವಿಸಿ ನಾನು ಅದನ್ನೂ, ಅದರ ಜೊತೆಗೆ ಆ ಸಾಲನ್ನೂ ದಾಟಿ ಮುಂದೆ ಹೋದೆ.

ಹಾಲು ಕಲಸುವ ಕೆಲಸ ನಮ್ಮ ಅವ್ವನದು. ಅವ್ವನನ್ನು ಊರಿನಲ್ಲಿ ಪಾವಿನ ಕೆಂಪಮ್ಮ ಎನ್ನುತ್ತಿದ್ದರು. ಈ ಬಿರುದಿನ ಹಿನ್ನೆಲೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಸೀಮೆಯಲ್ಲಿ ಕಾಳನ್ನು ಪಾವಿನಲ್ಲೋ ಸೇರಿನಲ್ಲೋ ಅಳೆದು ಕೊಡುವಾಗ ಅದು ಕಂಠಮಟ್ಟಕ್ಕೆ ನಿಲ್ಲಕೂಡದು, ಮೇಲೆ ಗುಡ್ಡೆಯಾಗಿ, ಇನ್ನೊಂದು ಕಾಳು ಹಾಕಿದರೆ ಜಾರಿ ಬೀಳುವಷ್ಟು ಏರಬೇಕು. ಅಷ್ಟಾದ ಮೇಲೆ ಒಂದು ಹಿಡಿ ಕೊಸರು, ಅಂದರೆ ಅಳತೆಗೆ ಸೇರದ, ಪ್ರೀತಿಗೆ ಹಾಕುವ ಮೇಲಿನ ಹಿಡಿ. ಅಂಗೈಯಿಂದ ಗುಡ್ಡೆಯನ್ನು ಸವರಿ ಮಟ್ಟ ಮಾಡುವುದಕ್ಕೆ ತಲೆ ಒರೆಸುವುದು ಎನ್ನುತ್ತಾರೆ, ಹಾಗೆ ತಲೆ ಒರೆಸಿ ಅಳೆಯುವ ಮನೆಗೆ ಹೆಣ್ಣು ಕೊಡುವುದಕ್ಕೂ ಜನ ಹಿಂದೆ ಮುಂದೆ ನೋಡುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದವರಿಗೆಲ್ಲ ರಾಗಿ ಅಳೆಯಲು ಅವ್ವ ಕೂತರೆ ಅವಳ ಪಾವಿನ ಗುಡ್ಡೆ ಪಾವಿನಷ್ಟೇ ಎತ್ತರ ಇರುತ್ತಿತ್ತೆಂದು ಜನ ಆಡಿಕೊಳ್ಳುತ್ತಿದ್ದರು. ಒಂದು ಮುಷ್ಟಿಯಲ್ಲಿ ಅವಳು ಹಾಕುತ್ತಿದ್ದ ಕೊಸರನ್ನು ನಾನು ಎರಡು ಕೈಯಲ್ಲಿ ಹಿಡಿಯಲಾರೆ.

ವಾರದ ತೂಕಕ್ಕೆ ಊರಿನಲ್ಲಿ ತಕ್ಕಡಿಗಳೇನೋ ಇದ್ದವು, ಮಗುವನ್ನು ಮಲಗಿಸಬಹುದಾದ ತಕ್ಕಡಿ ಇರಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ಪಾರ್ಸಲ್ ತೂಗುವ ಯಂತ್ರವೊಂದಿತ್ತು. ಅಲ್ಲಿನ ಮಾಸ್ತರು ದೊಡ್ಡ ಮನಸ್ಸಿನವರು, ಬೆಳಗಿನ ಗಾಡಿ ಹೋದ ಮೇಲೆ ಭಾನುವಾರ ಬನ್ನಿ ಎಂದರು. ಅವ್ವ ಮಗುವನ್ನು ಮೊರದಲ್ಲಿ ಹಳೇ ಸೀರೆ ಹಾಸಿ ಮಲಗಿಸಿಕೊಂಡು ಬಂದಳು. ಮೊದಲು ಬರೀ ಮೊರ ಮತ್ತು ಸೀರೆ, ಆಮೇಲೆ ಮಗುವಿನ ಸಮೇತ ಮೊರ. ಮಾಸ್ತರು ಕಬ್ಬಿಣದ ತೋಳಿನ ಮೇಲೆ ಸಣ್ಣ ಗುಂಡನ್ನು ಬೆರಳ ತುದಿಯಿಂದ ಹಿಂದೆ ಮುಂದೆ ಸರಿಸಿ, ತೋಳು ನೆಟ್ಟಗೆ ನಿಂತಾಗ ಅಂಕಿ ಹೇಳಿದರು. ಎಲ್ಲರಿಗೂ ಇದೊಂದು ಮೋಜಾಗಿತ್ತು.

ಮುಂದಿನ ಭಾನುವಾರ ಮೋಜು ಇರಲಿಲ್ಲ. ಗುಂಡನ್ನು ಮಾಸ್ತರು ಹಿಂದಕ್ಕೆ ಸರಿಸಬೇಕಾಯಿತು. ನಾವು ನೋಡುತ್ತಿದ್ದ ಹಾಗೆಯೇ ಇನ್ನೊಂದಿಷ್ಟು ಹಿಂದಕ್ಕೆ. ಮಗು ವಾರದಲ್ಲಿ ಇಳಿದುಹೋಗಿತ್ತು. ಇಳಿದಿರುವುದು ನಮಗೆ ಯಂತ್ರ ಹೇಳಬೇಕಾಗಿಯೂ ಇರಲಿಲ್ಲ. ಕೆಲವು ದಿನಗಳಿಂದ ಅದು ಹಾಲು ಕುಡಿದೊಡನೆ ಬಾಯಾರಿದವರಂತೆ ತುಟಿ ಚಪ್ಪರಿಸಿ ಅಳುತ್ತಿತ್ತು, ಹೊಟ್ಟೆ ಕಲ್ಲಾಗುತ್ತಿತ್ತು, ಅರ್ಧ ಕಕ್ಕಿಬಿಡುತ್ತಿತ್ತು, ಕಣ್ಣುಗಳು ಒಳಕ್ಕೆ ಸೇರಿದ್ದವು. ಡಾಕ್ಟರಮ್ಮ ನೋಡಿ, ಡಬ್ಬಿಯ ಮೇಲಿರುವ ಹಾಗೆಯೇ ಮಾಡುತ್ತಿದ್ದೀರಾ ಎಂದು ಕೇಳಿದರು. ನಾನು ಬಿ.ಎ. ಪದವೀಧರನ ಸಮಸ್ತ ಗಾಂಭೀರ್ಯದಿಂದ ಹೌದೆಂದೆ. ಹಾಗಿದ್ದರೆ ಇನ್ನು ನಾಲ್ಕು ದಿನ ನೋಡೋಣ, ಗುಣ ಕಾಣದಿದ್ದರೆ ಮೈಸೂರಿನ ದೊಡ್ಡಾಸ್ಪತ್ರೆಗೆ ಸೇರಿಸಬೇಕು, ತಡಮಾಡಿದರೆ ನನ್ನ ಕೈಯಲ್ಲಿ ಇರುವುದಿಲ್ಲ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಮಗು ನನ್ನ ತೊಡೆಯ ಮೇಲಿತ್ತು, ಅದರ ಭಾರವೇ ನನಗೆ ತಿಳಿಯುತ್ತಿರಲಿಲ್ಲ. ಜೀವನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು.

ಹೆದರಿದ ವಿದ್ವಾಂಸ ಏನು ಮಾಡುತ್ತಾನೆ? ಪುಸ್ತಕ ತೆಗೆಯುತ್ತಾನೆ. ನಾನು ನಿಘಂಟು ಇಟ್ಟುಕೊಂಡು ಲೇಬಲ್ಲನ್ನು ಮತ್ತೆ ಓದಿದೆ. ಕಂಪನಿಯವರಿಗೆ ಮೂರು ಪುಟದ ಒಂದು ಕಾಗದ ಬರೆದೆ, ಅದರಲ್ಲಿ ಒಂದು ವಾಕ್ಯ ಮುಕ್ಕಾಲು ಪುಟ ನಡೆದು ಕೊನೆಗೆ ಕ್ರಿಯಾಪದವನ್ನು ಮುಟ್ಟುವಷ್ಟು ಸೊಗಸಾಗಿತ್ತು. ಉತ್ತರ ಬರುವಷ್ಟರಲ್ಲಿ ಮಗುವಿಗೆ ಏನಾಗಬಹುದೆಂಬುದು ಕಾಗದವನ್ನು ಅಂಚೆಡಬ್ಬಕ್ಕೆ ಹಾಕಿದ ಮೇಲೆ ಹೊಳೆಯಿತು. ಅವ್ವ ದೃಷ್ಟಿ ತೆಗೆದಳು. ತೆಗೆದು, ಪಾಪ, ಕೂಸಿಗೆ ಸಾಲುತ್ತಿಲ್ಲವೇನೋ ಎಂದು ಮಾರನೆಯ ದಿನದಿಂದ ಇನ್ನಷ್ಟು ಉದಾರಳಾದಳು.

ನಾನು ಅಡಿಗೆಮನೆಗೆ ಹೋದದ್ದು ಒಂದು ಲೋಟ ಬಿಸಿನೀರಿಗಾಗಿ. ಹದಿನೈದು ದಿನಗಳಿಂದ ಆ ಮನೆಯಲ್ಲಿ ಡಬ್ಬಿಯ ಹಾಲು ಕಲಸುತ್ತಿದ್ದರೂ, ನಡುಮನೆಯಲ್ಲಿ ಕುಳಿತು ಐದು ಅಳತೆ, ಐದು ಔನ್ಸು ಎಂದು ಗಟ್ಟಿಯಾಗಿ ಓದಿ ಹೇಳಿದ್ದೇ ನನ್ನ ಪಾಲಿನ ಕೆಲಸವಾಗಿತ್ತು, ಎದ್ದು ಹೋಗಿ ಒಮ್ಮೆ ನೋಡಿರಲಿಲ್ಲ. ಅಂದು ನೋಡಿದೆ. ಅವ್ವ ಚಮಚವನ್ನು ಡಬ್ಬಿಗೆ ಅದ್ದಿ ತೆಗೆದಳು. ಚಮಚದ ಮೇಲೆ ಪುಡಿ, ಪುಡಿಯ ಮೇಲೆ ಬೆಟ್ಟ, ಆ ಬೆಟ್ಟ ಕುಸಿಯದ ಹಾಗೆ ಇನ್ನೊಂದು ಕೈ ಅಡ್ಡ. ಹೀಗೆ ಐದು ಬೆಟ್ಟಗಳನ್ನು ಶೀಶೆಗೆ ಸುರಿದು, ಆರನೆಯ ಸಲ ಮೂರು ಬೆರಳಿನಲ್ಲಿ ಒಂದು ಚಿಟಿಕೆ ತೆಗೆದು ಮಗುವಿನ ಕಡೆ ನೋಡಿ ನಗುತ್ತಾ ಅದನ್ನೂ ಹಾಕಿದಳು. ಅದು ಕೊಸರು. ನನ್ನ ಮಗಳು ಹದಿನೈದು ದಿನಗಳಿಂದ ಒಂದಕ್ಕೆ ಎರಡರಷ್ಟು ದಪ್ಪ ಹಾಲು ಕುಡಿದು, ನೀರಿಲ್ಲದೆ ಒಣಗುತ್ತಿದ್ದಳು.

ನಾನು ಡಬ್ಬಿಯನ್ನು ಬೆಳಕಿಗೆ ತಂದು, ದಾಟಿ ಹೋಗಿದ್ದ ಆ ಹೆಬ್ಬೆರಳುಗಾತ್ರದ ಚಿತ್ರವನ್ನು ನೋಡಿದೆ. ತುಂಬಿದ ಚಮಚ, ಅದರ ಮೇಲೆ ಅಡ್ಡಲಾಗಿ ಸವರುತ್ತಿರುವ ಚಾಕು. ಕೆಳಗಿನ ಸಾಲು ಹೇಳುತ್ತಿದ್ದದ್ದು ಇಷ್ಟೇ: ಪುಡಿಯನ್ನು ಅದುಮಬೇಡಿ, ಮಟ್ಟ ಮಾಡಿ. ಜೀವಸತ್ವಗಳ ಅಷ್ಟೋತ್ತರ ಬಾಯಿಪಾಠವಾಗಿದ್ದ ನನಗೆ ಬೇಕಾಗಿದ್ದದ್ದು ಆ ಒಂದು ಸಾಲು. ಆಮೇಲೆ ತಿಳಿದದ್ದೆಂದರೆ, ಓದು ಬಾರದ ಅವ್ವ ಆ ಚಿತ್ರವನ್ನು ಮೊದಲ ದಿನವೇ ನೋಡಿದ್ದಳು. ಚಾಕು ಇರುವುದು ಡಬ್ಬಿಯ ಬಾಯಿ ಬಿಚ್ಚಲಿಕ್ಕೆ ಎಂದು ತಿಳಿದು, ಬಿಚ್ಚಿ ಆಗಿದೆಯಲ್ಲ ಎಂದು ಸುಮ್ಮನಾಗಿದ್ದಳು.

ಅವ್ವನಿಗೆ ಹೇಳಿದೆ. ಅವಳು ಮೊದಲು ನಂಬಲಿಲ್ಲ, ಆಮೇಲೆ ನಂಬಿದರೂ ಒಪ್ಪಲಿಲ್ಲ. ನಾನು ಚಿತ್ರ ತೋರಿಸಿದೆ, ಡಾಕ್ಟರಮ್ಮನ ಹೆಸರು ಹೇಳಿದೆ, ಕೊನೆಗೆ ಧ್ವನಿ ಏರಿಸಿದೆ. ಅವಳು ಚಮಚವನ್ನು ನೆಲಕ್ಕಿಟ್ಟು ಕೈಕಟ್ಟಿ ಕುಳಿತಳು.

"ಈ ಅಟ್ಟಿಗೆ ಕಾಲಿಟ್ಟಾಗಿಂದ ಯಾರ್ಗೂ ತಲೆ ಒರ್ಸಿ ಅಳ್ದವ್ಳಲ್ಲ ಕಣ್ಲಾ ನಾನು. ಬೀದೀಲಿ ಓಗೋರ್ಗೆಲ್ಲ ಗುಡ್ಡೆ ಆಕ್ಬುಟ್ಟು ನನ್ ವಂಸದ್ ಕೂಸ್ಗೆ ಒರ್ಸಿ ಕೊಡ್ಲಾ?"

ಅವಳ ಕಣ್ಣಲ್ಲಿ ನೀರಿತ್ತು. ಅದು ಹಟವಲ್ಲವೆಂದು ನನಗೂ ಗೊತ್ತಿತ್ತು. ನಲವತ್ತು ವರ್ಷ ಕಾಪಾಡಿಕೊಂಡು ಬಂದ ಹೆಸರನ್ನು ಮೊಮ್ಮಗಳ ಮುಂದೆ ಕಳೆದುಕೊ ಎಂದು ನಾನು ಕೇಳುತ್ತಿದ್ದೆ. ತರ್ಕ, ವ್ಯಾಕರಣ, ನಿಘಂಟುಗಳಲ್ಲಿ ನಾನು ಅದಕ್ಕೊಂದು ಮಾತು ಹುಡುಕುತ್ತಿದ್ದಾಗ, ಪಕ್ಕದ ಕೋಣೆಯ ಬಾಗಿಲ ಮರೆಯಿಂದ, ಮೂರು ವಾರದಿಂದ ಮಗುವನ್ನು ಮುಟ್ಟದೆ ಮಲಗಿದ್ದ ಜಯಮ್ಮನ ಸಣ್ಣ ದನಿ ಬಂತು.

"ಅತ್ತೆ, ಎಲೆಗೆ ಸುಣ್ಣ ಅಚ್ಚೋವಾಗ ಯಾರ್ಗಾರ ಕೊಸರು ಆಕಿದ್ದೀರಾ?"

ಅವ್ವ ನೆಲಕ್ಕಿಟ್ಟಿದ್ದ ಚಮಚವನ್ನು ಮತ್ತೆ ಎತ್ತಿಕೊಂಡಳು. ಮೂರು ಹೊತ್ತೂ ಎಲೆಯಡಿಕೆ ಹಾಕುವವಳು ಅವಳು. ಸುಣ್ಣ ಒಂದು ಗುಲಗಂಜಿ ಹೆಚ್ಚಾದರೆ ನಾಲಗೆ ಏನಾಗುತ್ತದೆಂದು ಅವಳಿಗೆ ಯಾವ ಲೇಬಲ್ಲೂ ಹೇಳಬೇಕಾಗಿರಲಿಲ್ಲ. ನಾನು ಈ ಸಂದರ್ಭದಲ್ಲಿ ಉಪಯೋಗಕ್ಕೆ ಬರುವ ಆತುರದಿಂದ ಸ್ಕೂಲಿನ ನನ್ನ ಅಡಿಪಟ್ಟಿಯನ್ನು ತಂದು ಮುಂದೆ ಹಿಡಿದೆ. ಅದರ ಮೇಲಿನ ಶಾಯಿಯ ಕಲೆಗಳನ್ನು ನೋಡಿ ಅವ್ವ ಅದನ್ನು ಬದಿಗೆ ತಳ್ಳಿ, ದೋಸೆ ಮಗುಚುವ ಕಬ್ಬಿಣದ ಕೈಯನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ, ಅದರ ನೇರ ಅಂಚಿನಿಂದ ಚಮಚದ ತಲೆ ಒರೆಸಿದಳು. ಬೆಟ್ಟ ಡಬ್ಬಿಗೆ ವಾಪಸು ಬಿತ್ತು. ಅವಳು ಮಗುವಿನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, "ತೆಪ್ಪಾಯ್ತು ಕಣವ್ವ, ನಿಂದು ನನ್ತಾವೇ ಅದೆ," ಅಂದಳು.

ಈ ಮಾತಿನ ಅರ್ಥ ನನಗೆ ಆಗ ತಿಳಿಯಲಿಲ್ಲ. ಆದರೆ ಅಂದಿನಿಂದ ಒಂದು ಸಂಗತಿಯನ್ನು ಗಮನಿಸಿದೆ. ಪ್ರತಿ ಸಲ ಹಾಲು ಕಲಸಿ ಮುಗಿದ ಮೇಲೆ ಅವ್ವ ಮೂಲೆಯ ಮಡಕೆಯೊಂದರ ಬಾಯಿಬಟ್ಟೆ ಸರಿಸಿ ಒಂದು ಹಿಡಿ ಹುರಿಗಡಲೆ ಅದಕ್ಕೆ ಹಾಕುತ್ತಿದ್ದಳು. ಯಾವುದೋ ಹರಕೆಯಿರಬೇಕೆಂದುಕೊಂಡೆ. ಹರಕೆಯ ವಿಷಯದಲ್ಲಿ ಪ್ರಶ್ನೆ ಕೇಳಿ ಅನುಭವವಿದ್ದವನಾದ್ದರಿಂದ ಸುಮ್ಮನಿದ್ದೆ.

ಮಾರನೆಯ ದಿನವೇ ಡಾಕ್ಟರಮ್ಮನ ಹತ್ತಿರ ಓಡಿಹೋಗಿ, ತಲೆ ತಗ್ಗಿಸಿ, ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ಮಗುವನ್ನು ನೋಡಿ, ನಡುನಡುವೆ ಕುದಿಸಿ ಆರಿಸಿದ ನೀರು ಕುಡಿಸಬೇಕೆಂದು ಹೇಳಿ, ಬೈಯದೆ ಕಳಿಸಿದರು. ಬೈದಿದ್ದರೆ ಹಗುರವಾಗುತ್ತಿತ್ತು. ಎರಡು ದಿನದಲ್ಲಿ ಕಕ್ಕುವುದು ನಿಂತಿತು. ನಾಲ್ಕನೆಯ ದಿನ ಮಗು ಹಾಲು ಕುಡಿದು, ಅಳುವುದನ್ನು ಮರೆತು, ಸೂರಿನ ಕಡೆ ನೋಡುತ್ತಾ ನಿದ್ದೆಹೋಯಿತು. ಮೈಸೂರಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ಆದರೂ ಆ ಭಾನುವಾರವಾಗಲಿ ಅದರ ಮುಂದಿನ ಮೂರು ಭಾನುವಾರಗಳಾಗಲಿ ಅವ್ವ ತೂಕಕ್ಕೆ ಬರಲಿಲ್ಲ. ನಾನೇ ಮೊರ ಹೊತ್ತುಕೊಂಡು ಹೋದೆ. ಮೊದಲ ವಾರ ಗುಂಡು ಇದ್ದಲ್ಲೇ ನಿಂತಿತು, ಎರಡನೆಯ ವಾರ ಒಂದು ಗೆರೆ ಮುಂದಕ್ಕೆ ಹೋಯಿತು. ಅಷ್ಟನ್ನು ಹೇಳಿದಾಗ ಅವ್ವ ದೋಸೆ ಮಗುಚುವ ಕೈಯನ್ನು ತೊಳೆಯುತ್ತಿದ್ದಳು.

ಐದನೆಯ ಭಾನುವಾರ ಅವಳೇ ಹೊರಟಳು. ಜ್ವರ ಬಿಟ್ಟು ಎದ್ದು ಓಡಾಡುತ್ತಿದ್ದ ಜಯಮ್ಮನೂ ಹೊರಟಳು. ಮಗು ಮೊರದಲ್ಲಿ, ಮೊರ ನನ್ನ ಕೈಯಲ್ಲಿ, ಬಟ್ಟೆ ಕಟ್ಟಿದ ಮಡಕೆ ಅವ್ವನ ಸೊಂಟದಲ್ಲಿ, ಅವಳ ಸೆರಗಿನಲ್ಲಿ ಕಣದ ಪಾವು. ಸುದ್ದಿ ಹೇಗೆ ಹಬ್ಬಿತೋ, ಬೆಳಗಿನ ಗಾಡಿ ಹೋದಮೇಲೂ ಪ್ಲಾಟ್‌ಫಾರಂ ಖಾಲಿಯಾಗಲಿಲ್ಲ. ಮೂಟೆ ಹೊರುವವರು, ಹೊಳೆಯಿಂದ ಬಟ್ಟೆ ಒಗೆದು ಬಂದವರು, ನನ್ನ ಶಾಲೆಯ ಅರ್ಧ ಹುಡುಗರು, ಎಲ್ಲರೂ ಯಂತ್ರದ ಸುತ್ತ ನಿಂತರು. ಮಾಸ್ತರು ಮೊರವನ್ನು ಇಡಿಸಿ, ಗುಂಡನ್ನು ಹಿಂದಿನ ಗುರುತಿನಲ್ಲಿಟ್ಟರು. ತೋಳು ದಡ್ಡೆಂದು ಮೇಲಕ್ಕೆ ಹೊಡೆಯಿತು. ಮುಂದಕ್ಕೆ ಸರಿಸಿದರು, ಇನ್ನೂ ಮೇಲೆಯೇ ಇತ್ತು. ಇನ್ನಷ್ಟು ಸರಿಸಿದರು. ಕೊನೆಗೆ ತೋಳು ಒಂದೆರಡು ಸಲ ತೂಗಾಡಿ ನೆಟ್ಟಗೆ ನಿಂತಾಗ ಮಾಸ್ತರು ಟೋಪಿ ತೆಗೆದು ಬೆವರು ಒರೆಸಿಕೊಂಡರು.

"ಮೇಷ್ಟ್ರೇ, ಲಗೇಜು ಭಾರ ಆಗಿದೆ. ಮುಂದಿನ ಸಲ ರಸೀತಿ ಮಾಡಿಸಿ."

ಜನ ನಕ್ಕ ಸದ್ದಿಗೆ ಮಗು ಬೆಚ್ಚಿ, ಎಲ್ಲರನ್ನೂ ನೋಡಿ, ಗಟ್ಟಿಯಾಗಿ ಅತ್ತಿತು. ಎಂಥ ಗಟ್ಟಿ ಅಳು ಅದು. ಜಯಮ್ಮ ಎರಡು ತಿಂಗಳ ಮೇಲೆ ಮೊದಲ ಬಾರಿಗೆ ಹತ್ತು ಜನರ ಎದುರಿಗೆ ಅದನ್ನು ಎತ್ತಿಕೊಂಡಳು. ನಾನು ಲೇಬಲ್ಲಿನ ಕೋಷ್ಟಕವನ್ನು ಜೇಬಿನಿಂದ ತೆಗೆದು ನೋಡಿದೆ. ಮಗು ಆ ವಯಸ್ಸಿನ ಸಾಲಿಗೆ ಸರಿಯಾಗಿ ಬಂದು ಕುಳಿತಿತ್ತು. ನಾನು ಬಿ.ಎ. ಪಾಸಾದಾಗಲೂ ಪತ್ರಿಕೆಯಲ್ಲಿ ನನ್ನ ನಂಬರನ್ನು ಅಷ್ಟು ಸಂತೋಷದಿಂದ ನೋಡಿರಲಿಲ್ಲ.

ಅಷ್ಟರಲ್ಲಿ ಅವ್ವ ಪ್ಲಾಟ್‌ಫಾರಮಿನ ಕಲ್ಲುಹಾಸಿನ ಮೇಲೆ ಕಾಲು ಚಾಚಿ ಕುಳಿತು, ಮಡಕೆಯ ಬಾಯಿಬಟ್ಟೆ ಬಿಚ್ಚಿದ್ದಳು. ಹುರಿಗಡಲೆ, ಅದರಲ್ಲಿ ಬೆಲ್ಲದ ಚೂರು. ಸೆರಗಿನಿಂದ ಪಾವು ತೆಗೆದು ಅದ್ದಿದಳು. ಐದು ವಾರದಿಂದ ಚಮಚದ ತಲೆ ಒರೆಸಿ ಒರೆಸಿ ಬಾಗಿದ್ದ ಆ ಕೈ ಮತ್ತೆ ತನ್ನ ಹಳೆಯ ಗತ್ತಿಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಪಾವಿನ ಮೇಲೆ ಗುಡ್ಡೆ ಏರಿತು, ಏರಿ ಜಾರಿತು. ಮೊದಲ ಪಾವು ಮಾಸ್ತರ ಟೋಪಿಗೆ, ಮುಂದಿನದು ಮೂಟೆಯವರ ಟವಲಿಗೆ, ಆಮೇಲೆ ಹುಡುಗರ ಅಂಗಿಯ ಚುಂಗಿಗೆ. ಪ್ರತಿಯೊಂದರ ಮೇಲೂ ಒಂದು ಹಿಡಿ ಕೊಸರು. ಏನು ಕೆಂಪಮ್ಮ ಇದು ಎಂದು ಯಾರೋ ಕೇಳಿದರು.

"ನನ್ ಮೊಮ್ಮಗ್ಳದು ಕಣ್ರಪ್ಪ. ಅವ್ಳಿಗೆ ಕೊಡಕ್ಕಾಗ್ನಿಲ್ಲ. ನೀವು ತಿನ್ನಿ."

ಅವಳು ಒಂದೊಂದು ಹಾಲಿಗೂ ತಡೆದು ಇಟ್ಟಿದ್ದ ಕೊಸರು ಅದು. ನಾನೂ ಕೈಯೊಡ್ಡಿ ನನ್ನ ಪಾಲಿನ ಹುರಿಗಡಲೆ ಇಸಿದುಕೊಂಡು ಅಗಿದೆ. ಅಂದು ಪ್ಲಾಟ್‌ಫಾರಮಿನಲ್ಲಿ ಗೆದ್ದವರು ಯಾರೆಂದು ಕೇಳಿದರೆ, ಮಗು ಗೆದ್ದಿತು ಎನ್ನಬಹುದು, ಡಬ್ಬಿಯ ಮೇಲಿನ ಸಣ್ಣ ಸಾಲು ಗೆದ್ದಿತು ಎಂದರೂ ತಪ್ಪಿಲ್ಲ. ನನ್ನನ್ನು ಕೇಳಿದರೆ, ಅಳತೆಗೆ ಸೋಲದೆ ಅಳತೆಯನ್ನು ಪಾಲಿಸಿದ ನಮ್ಮ ಅವ್ವ ಗೆದ್ದಳು. ಲೇಬಲ್ಲು ಓದುವುದೆಂದರೆ ಅಕ್ಷರ ಓದುವುದಷ್ಟೇ ಎಂದುಕೊಂಡಿದ್ದ ಇಂಗ್ಲಿಷ್ ಮೇಷ್ಟ್ರು ಸೋತು, ಅಂದಿನಿಂದ ಚಿತ್ರವನ್ನೂ ಬಿಡದೆ ಓದುತ್ತಾನೆ, ಓದಿ ಮುಗಿದ ಮೇಲೆ ಎದ್ದು ಅಡಿಗೆಮನೆಗೂ ಹೋಗಿ ನೋಡುತ್ತಾನೆ.

ಅವ್ವನಿಗೆ ಈಗ ಕಣ್ಣು ಮಂಜು. ಹೊಸ ಡಬ್ಬಿ ಏನು ಬಂದರೂ ಭಾಗ್ಯನನ್ನು ಕರೆದು, ಚಿತ್ರ ಏನದೆ ನೋಡು ಎನ್ನುತ್ತಾಳೆ. ಭಾಗ್ಯನಿಗೆ ಹದಿನಾಲ್ಕಾಯಿತು, ಮೊರದಲ್ಲಿ ಹಿಡಿಸುವುದಿಲ್ಲ. ಮೊನ್ನೆ ಸಾಯಂಕಾಲ ಎಂದಿನಂತೆ ನಾನು ಪೊಟ್ಟಣವನ್ನು ಕಿಟಕಿಯ ಹತ್ತಿರ ಹಿಡಿದು ಪಠಿಸಿ ಕೊಟ್ಟೆ, ಅವಳು ಒಡೆದು ಹಂಚಿದಳು. ತಲೆಗೆ ಎರಡರಂತೆ ಬಿಸ್ಕತ್ತು, ಅಜ್ಜಿಗೆ ಕಾಫಿಯಲ್ಲಿ ನೆನೆಸಿ. ನನ್ನ ತಟ್ಟೆಯಲ್ಲಿ ಎರಡು ಬಿಸ್ಕತ್ತಿನ ಮೇಲೆ ಮುರಿದ ಅರ್ಧ ಚೂರೊಂದು ಕುಳಿತಿತ್ತು. ನಾನು ಪೊಟ್ಟಣದ ನಾಲ್ಕೂ ಮೈಗಳನ್ನು ಆಗಷ್ಟೇ ಓದಿದ್ದೆ. ಅದು ಎಲ್ಲಿಯೂ ಬರೆದಿರಲಿಲ್ಲ.